ಕೆಳಗಿನ ಡ್ರಾಯರಿನಲ್ಲಿದ್ದ ಕಾಗದ

ಒಮಾನಿನ ಘಾಲಾದ ನಮ್ಮ ಇಂಜಿನಿಯರಿಂಗ್ ಕಚೇರಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆಗಳು ಬರುತ್ತವೆ, ತಿದ್ದಿಸಿಕೊಳ್ಳುತ್ತವೆ, ಮತ್ತೆ ಬರುತ್ತವೆ. ಹೊಸದು ಬಂದ ಕೂಡಲೇ ಹಳೆಯ ನಕ್ಷೆಯ ಮೇಲೆ ‘ಸೂಪರ್‌ಸೀಡೆಡ್’ ಎಂಬ ಕೆಂಪು ಮುದ್ರೆ ಒತ್ತಬೇಕು. ಇದರ ಜಾಗಕ್ಕೆ ಬೇರೆ ಬಂದಿದೆ, ಇದು ಇನ್ನು ನಡೆಯುವುದಿಲ್ಲ ಎಂದು ಅದರ ಅರ್ಥ. ಮುದ್ರೆ ಬಿದ್ದ ಹಾಳೆ ನನ್ನ ಮೇಜಿನ ಕೆಳಗಿನ ಡ್ರಾಯರಿಗೆ ಹೋಗುತ್ತದೆ. ಒಮ್ಮೆ ಸೊಹಾರಿನ ಪಂಪ್‌ಹೌಸಿನಲ್ಲಿ ಯಾರೋ ಹಳೆಯ ನಕ್ಷೆ ನೋಡಿ ಸ್ಲ್ಯಾಬ್ ಹಾಕಿಸಿ, ಆಮೇಲೆ ಎರಡು ದಿನ ಡ್ರಿಲ್ ಹಿಡಿದು ಒಡೆಸಿದರು. ಆ ನಕ್ಷೆ ನನ್ನ ಕೈಯಿಂದ ಹೋದದ್ದಲ್ಲ. ಆದರೂ ಅಂದಿನಿಂದ ಹಳೆಯ ಹಾಳೆ ಎಂದರೆ ನನಗೆ ಮೈಲಿಗೆ. ನನ್ನ ಪಟ್ಟಿಯಲ್ಲಿ ಒಂದು ತಪ್ಪು ತೋರಿಸಿ ನೋಡೋಣ ಎಂದು ಸವಾಲು ಹಾಕುವಷ್ಟು ಜಂಬವೂ ಇತ್ತು. ಆ ಜಂಬ ಹೋದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯ ಸ್ಟ್ರಕ್ಚರಲ್ ಇಂಜಿನಿಯರ್ ಗಾಜಾದವರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಮುಹಂದಿಸ್ ಎನ್ನುತ್ತೇವೆ. ಅರಬಿಯಲ್ಲಿ ಇಂಜಿನಿಯರ್ ಎಂದೇ ಅದರ ಅರ್ಥ. ಅವರು ನನ್ನನ್ನು ಉಖ್ತಿ, ನನ್ನ ಸೋದರಿ, ಎಂದು ಕರೆಯುತ್ತಾರೆ. ಯುದ್ಧ ಶುರುವಾಗಿ ಕೆಲವು ತಿಂಗಳಾದ ಮೇಲೆ, ಇಲ್ಲಿ ವಾರದ ಮೊದಲ ಕೆಲಸದ ದಿನವಾದ ಒಂದು ಭಾನುವಾರ, ಊಟದ ಬಿಡುವಿನಲ್ಲಿ ಅವರು ಖರ್ಜೂರದ ಒಂದು ತಗಡಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು.

“ಆಫೀಸಿನದಲ್ಲ, ಉಖ್ತಿ. ನನ್ನ ತಮ್ಮನದು,” ಎಂದರು. “ಇದನ್ನು ನೀವು ಒಂದು ಕ್ರಮಕ್ಕೆ ತರಬೇಕು. ನಾನು ಕೈ ಹಾಕಿದರೆ ಎರಡು ಹಾಳೆ ಓದಿ ಮುಚ್ಚಿಡುತ್ತೇನೆ.”

ಡಬ್ಬಿಯೊಳಗೆ ಖರ್ಜೂರದ ಅಂಟು ಇನ್ನೂ ಇತ್ತು. ಗುರುತಿನ ಚೀಟಿಯ ನಕಲು, ಮದುವೆಯ ಫೋಟೊ, ಆಸ್ಪತ್ರೆಯ ಚೀಟಿ, ಕೈಬರಹದ ಅರಬಿ ಪತ್ರಗಳು, ಮುದ್ರಿಸಿದ ಈಮೇಲುಗಳು ಎಲ್ಲ ಕಲಸಿಹೋಗಿದ್ದವು. ಮುಹಂದಿಸ್ ಒಂದೊಂದನ್ನೇ ಎತ್ತಿ ಹೇಳುತ್ತ ಹೋದರು, ನಾನು ಪೆನ್ಸಿಲಿನಲ್ಲಿ ನಂಬರು ಹಾಕುತ್ತ ಹೋದೆ.

ತಮ್ಮ ನೀರು ಸರಬರಾಜಿನ ಪಂಪ್ ನಡೆಸುವವನು. ಉತ್ತರದಿಂದ ದಕ್ಷಿಣಕ್ಕೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ನಡೆದು ಹೋಗುವಾಗ ತಪಾಸಣೆಯ ಜಾಗದಲ್ಲಿ ಇಸ್ರೇಲಿ ಸೈನಿಕರು ಅವನನ್ನು ಸಾಲಿನಿಂದ ಹೊರಗೆ ಕರೆದರು. ಹೆಂಡತಿಗೆ ಮುಂದೆ ನಡೆ ಎಂದರು, ಅವಳು ನಡೆದಳು. ಅವನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಇನ್ಸುಲಿನ್ನಿನ ಚೀಲ ಅವಳ ಹೆಗಲಲ್ಲೇ ಉಳಿದಿತ್ತು.

ಆಮೇಲಿನದ್ದು ಅವನು ಯಾರ ವಶದಲ್ಲಿದ್ದಾನೆ ಎಂಬ ಜಗಳ. ಹಿಡಿದವರನ್ನು ಮೊದಲು ಸೇನೆಯ ಶಿಬಿರದಲ್ಲಿಟ್ಟು ಆಮೇಲೆ ಸೆರೆಮನೆಗೆ ಒಪ್ಪಿಸುತ್ತಾರಂತೆ. ಶಿಬಿರದ ಕಚೇರಿ ಸೆರೆಮನೆಯನ್ನು ಕೇಳಿ ಎನ್ನುತ್ತಿತ್ತು. ಸೆರೆಮನೆಯ ಕಚೇರಿ ಅಂಥವನು ನಮ್ಮಲ್ಲಿಗೆ ಬಂದೇ ಇಲ್ಲ ಎನ್ನುತ್ತಿತ್ತು. ಅದೇ ಶಿಬಿರದಿಂದ ಬಿಡುಗಡೆಯಾದ ಒಬ್ಬನ ಧ್ವನಿ ಸಂದೇಶ ಮುಹಂದಿಸರ ಫೋನಿನಲ್ಲಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಮುಖ ನೋಡಲಿಲ್ಲ, ಪಕ್ಕದವನು ಇನ್ಸುಲಿನ್ ಎಂದು ಕೇಳುತ್ತಲೇ ಇದ್ದ, ನಾನು ಪಂಪಿನವನು ಎಂದು ಹೇಳಿಕೊಂಡಿದ್ದ, ಎಂದಿತ್ತು. ಮುಖ ನೋಡದವನ ಮಾತನ್ನು ಕೋರ್ಟು ಎಷ್ಟು ಹಿಡಿಯುತ್ತದೆ ಎಂದು ನನಗೇ ಅನುಮಾನ ಬಂತು.

ಇಸ್ರೇಲಿನ ಹೈಫಾದ ಒಬ್ಬ ವಕೀಲೆ, ಅಲ್ಲಿಯೇ ಹುಟ್ಟಿ ಬೆಳೆದ ಅರಬಿ ಹೆಂಗಸು, ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಲು ಒಪ್ಪಿದ್ದರು. ಹಿಡಿದಿಟ್ಟವನನ್ನು ಕೋರ್ಟಿಗೆ ತೋರಿಸಿ ಎಂದು ಕೇಳುವ ಅರ್ಜಿ ಅದು. ವಾಟ್ಸಾಪಿನಲ್ಲಿ ಮಾತಾಡುವುದು ಒಮಾನಿನಲ್ಲಿ ಆಗುವುದಿಲ್ಲ, ಧ್ವನಿ ಸಂದೇಶ ಮಾತ್ರ ನಡೆಯುತ್ತದೆ. ಹಾಗಾಗಿ ಅವರ ದನಿ ನಮಗೆ ತುಂಡು ತುಂಡಾಗಿ ಬರುತ್ತಿತ್ತು. “ಒಂದೇ ಫೈಲು ಕಳಿಸಿ. ಪಟ್ಟಿ ಇರಲಿ. ನನ್ನ ಮೇಜಿನ ಮೇಲೆ ಇಂಥವು ಬಹಳ ಇವೆ, ಹುಡುಕುತ್ತ ಕೂರಲು ಆಗುವುದಿಲ್ಲ,” ಎಂದಿದ್ದರು.

ಇಷ್ಟು ಸಾಕಿತ್ತು ನನಗೆ. ನಾಲ್ಕು ದಿನದ ಊಟದ ಬಿಡುವನ್ನು ಅದಕ್ಕೆ ಕೊಟ್ಟೆ. ನಕ್ಷೆಗಳಿಗೆ ಇರುವ ಹಾಗೆಯೇ ಪ್ರತಿ ಕಾಗದಕ್ಕೂ ಒಂದು ಸಂಖ್ಯೆ, ಒಂದು ಶೀರ್ಷಿಕೆ, ಒಂದು ಆವೃತ್ತಿ. ಪ್ರಿಂಟ್ ರೂಮಿನ ಶೆಟ್ರು ಉಡುಪಿಯವರು, ಮನೆಮಾತು ತುಳು. ನಾನು ಕುಂದಾಪುರದ ಕಡೆಯ ಕೊಂಕಣಿಯವಳು, ತುಳು ಬಾರದು. ಆದ್ದರಿಂದ ನಮ್ಮ ನಡುವೆ ಕನ್ನಡ.

“ಇದೆಂತ ಬಾಯಿ, ಪ್ರಾಜೆಕ್ಟ್ ನಂಬರೇ ಇಲ್ಲ?” ಎಂದು ಕೇಳಿದರು. ನಮ್ಮ ಕಡೆಯ ಕ್ರಿಶ್ಚಿಯನ್ ಹೆಂಗಸರನ್ನು ಅವರ ಊರಿನವರು ಕರೆಯುವುದೇ ಹಾಗೆ.

“ಪ್ರಾಜೆಕ್ಟ್ ಅಲ್ಲ ಶೆಟ್ರೆ. ಮುಹಂದಿಸರ ತಮ್ಮನ ಕಾಗದ.”

ಅವರು ಒಂದು ಕ್ಷಣ ಹಾಳೆ ನೋಡಿದರು. “ಹಾಗಾದ್ರೆ ಕಲರಲ್ಲೇ ತೆಗೀತೇನೆ. ಫೋಟೊ ಸರಿ ಕಾಣ್ಬೇಕಲ್ಲ,” ಎಂದರು.

ಸೇನೆಯ ಕಚೇರಿಯಿಂದ ಬಂದ ಉತ್ತರಗಳು ಎರಡು. ಮೊದಲನೆಯದು ಹಿಡಿದ ಒಂದು ತಿಂಗಳಿಗೆ ಬಂದದ್ದು: ಈ ಗುರುತಿನ ಸಂಖ್ಯೆಯ ವ್ಯಕ್ತಿ ನಮ್ಮ ವಶದಲ್ಲಿದ್ದಾರೆ, ಇಂಥ ಶಿಬಿರ. ಎರಡನೆಯದು ಆಮೇಲೆ ಆರು ವಾರಕ್ಕೆ ಬಂದದ್ದು: ಈ ವ್ಯಕ್ತಿಯನ್ನು ಬಂಧಿಸಿದ ಅಥವಾ ವಶದಲ್ಲಿಟ್ಟುಕೊಂಡ ಯಾವ ಸೂಚನೆಯೂ ನಮ್ಮಲ್ಲಿ ಇಲ್ಲ. ಕಳಿಸಿದವರು ಅವರೇ, ವಿಷಯ ಅದೇ, ಗುರುತಿನ ಸಂಖ್ಯೆಯೂ ಅದೇ, ತಾರೀಖು ಮಾತ್ರ ಬೇರೆ. ನನ್ನ ಮಟ್ಟಿಗೆ ಅದು ಒಂದೇ ದಾಖಲೆಯ ಎರಡು ಆವೃತ್ತಿ. ಎರಡನೆಯದನ್ನು ಪಟ್ಟಿಗೆ ಸೇರಿಸಿದೆ. ಮೊದಲನೆಯದರ ಮೇಲೆ ಕೆಂಪು ಮುದ್ರೆ ಒತ್ತಿ, ಅದರ ಪಕ್ಕ ತಾರೀಖು ಬರೆದು, ಸಹಿ ಹಾಕಿ, ಕೆಳಗಿನ ಡ್ರಾಯರಿಗೆ ಇಳಿಸಿದೆ. ಮೊದಲು ಮುದ್ರೆ, ಆಮೇಲೆ ಸ್ಕ್ಯಾನ್ ಎಂಬುದು ನಮ್ಮಲ್ಲಿಯ ಪದ್ಧತಿ, ಮುದ್ರೆಯಿಲ್ಲದ ಹಳೆಯ ನಕಲು ಎಲ್ಲೂ ತಿರುಗಾಡಬಾರದು ಎಂದು. ಕೈ ತಾನಾಗಿ ಮಾಡಿದ ಕೆಲಸ ಅದು. ಒಂದು ಸಲವೂ ಯೋಚಿಸಲಿಲ್ಲ.

ಗುರುವಾರ ಫೈಲು ಹೈಫಾಕ್ಕೆ ಹೋಯಿತು. ಮುಹಂದಿಸ್ ಅಂದೇ ದುಕ್ಮ್ ಬಂದರಿನ ಸೈಟಿಗೆ ಹೊರಟರು, ಅಲ್ಲಿ ಅವರಿಗೆ ತಿಂಗಳಿಗೂ ಹೆಚ್ಚಿನ ಕೆಲಸವಿತ್ತು. “ಪಟ್ಟಿ ಒಮ್ಮೆ ನೋಡುತ್ತೀರಾ?” ಎಂದು ಕೇಳಿದೆ. “ನೀವು ಮಾಡಿದ್ದನ್ನು ನಾನು ಏನು ನೋಡುವುದು?” ಎಂದು ನಕ್ಕರು. ಯುದ್ಧ ಶುರುವಾದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಖುಷಿಯಾಯಿತು.

ಐದು ವಾರ ಕಳೆದ ಮೇಲೆ ವಕೀಲೆಯ ಧ್ವನಿ ಬಂತು. ಮುಹಂದಿಸರಿಗೆ ಸೈಟಿನಲ್ಲಿ ಸಿಗ್ನಲ್ ಸಿಗದೆಂದು ನನಗೂ ಇಂಗ್ಲಿಷಿನಲ್ಲಿ ಕಳಿಸಿದ್ದರು. ಅರ್ಜಿ ವಜಾ ಆಗಿತ್ತು. ವಶದಲ್ಲಿರುವ ಸೂಚನೆಯೇ ಇಲ್ಲ ಎಂದು ಸೇನೆಯವರು ಹೇಳಿದರಂತೆ, ಸುಳ್ಳು ಎನ್ನಲು ಅರ್ಜಿದಾರರ ಬಳಿ ದಾಖಲೆ ಇಲ್ಲ ಎಂದು ಕೋರ್ಟು ಹೇಳಿತಂತೆ. ಕೊನೆಗೆ ಅವರು ಸುಸ್ತಾದ ದನಿಯಲ್ಲಿ ಅಂದರು: “ಇವರು ಯಾವಾಗಲಾದರೂ ಒಂದು ಸಲ, ಒಂದೇ ಒಂದು ಸಲ, ಹೌದು ನಮ್ಮಲ್ಲಿದ್ದಾನೆ ಎಂದು ಬರೆದುಕೊಟ್ಟಿದ್ದರೆ ನಾನು ಅದನ್ನು ಹಿಡಿದು ಕೂರುತ್ತಿದ್ದೆ.”

ಫೋನು ಕೈಯಲ್ಲಿಟ್ಟುಕೊಂಡೇ ಬಗ್ಗಿ ಡ್ರಾಯರ್ ಎಳೆದೆ. ಐದು ವಾರದಲ್ಲಿ ಅದರ ಮೇಲೆ ನಕ್ಷೆಗಳ ರಾಶಿ ಬಿದ್ದಿತ್ತು. ಒಂದೊಂದನ್ನೇ ಎತ್ತಿ ನೆಲದ ಮೇಲಿಡುತ್ತ ಹೋದೆ. ಕಾಗದ ತಳದಲ್ಲಿ ಚಪ್ಪಟೆಯಾಗಿ ಮಲಗಿತ್ತು. ‘ನಮ್ಮ ವಶದಲ್ಲಿದ್ದಾರೆ’ ಎಂಬ ಸಾಲಿನ ಮೇಲೆಯೇ ನನ್ನ ಮುದ್ರೆ ಅಡ್ಡ ಬಿದ್ದಿತ್ತು.

ಬೇರೆ ನಕಲು ಇರಲಿಲ್ಲ, ಡಬ್ಬಿಯ ಕಾಗದಗಳನ್ನು ಎತ್ತಿ ಹೇಳುವಾಗಲೇ ಮುಹಂದಿಸ್ ಅದನ್ನು ಹೇಳಿದ್ದರು. ಆ ಉತ್ತರ ತರಿಸಿಕೊಂಡಿದ್ದು ಗಾಜಾದ ಒಬ್ಬ ವಕೀಲರು. ಅವರ ಕಚೇರಿ ಈಗ ಇಲ್ಲ, ಅವರ ಸುದ್ದಿಯೂ ಇಲ್ಲ. ತಮ್ಮನ ಹೆಂಡತಿ ತೆಗೆದ ಫೋಟೊ ಇದ್ದ ಫೋನು ಡೇರೆಯಿಂದ ಡೇರೆಗೆ ಹೋಗುವಾಗ ಕಳೆದಿತ್ತು. ಅವಳು ಕಳಿಸಿದ್ದನ್ನು ಮುಹಂದಿಸ್ ಮುದ್ರಿಸಿಕೊಂಡಿದ್ದರು, ಅವರ ಆ ಫೋನೂ ಆಮೇಲೆ ಕೆಟ್ಟುಹೋಗಿತ್ತು. ಉಳಿದದ್ದು ನಾನು ಮುದ್ರೆ ಒತ್ತಿದ ಈ ಒಂದು ಹಾಳೆ. ಮುದ್ರೆಯ ಸುತ್ತ ನಮ್ಮ ಕಂಪನಿಯ ಹೆಸರು, ಮಧ್ಯೆ ನನ್ನ ಸಹಿ.

ಶೆಟ್ರಿಗೆ ಮೊದಲು ಹೇಳಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಈಗ ಸಿಕ್ಕಿದ್ದು ಅಂತ ಕಳ್ಸಿ ಬಾಯಿ. ಡಬ್ಬಿಯ ತಳದಲ್ಲಿ ಅಂಟಿಕೊಂಡಿತ್ತು ಅಂದ್ರೆ ಆಯ್ತು. ಯಾರು ಬಂದು ನೋಡ್ತಾರೆ?”

“ಮುದ್ರೆ ಉಂಟಲ್ಲ ಶೆಟ್ರೆ, ತಾರೀಖು ಸಮೇತ.”

“ಅದನ್ನು ನಾನು ಸ್ಕ್ಯಾನಲ್ಲಿ ತೆಗೀತೇನೆ. ಅರ್ಧ ಗಂಟೆಯ ಕೆಲಸ.”

ನಾನು ಬೇಡ ಎನ್ನಲಿಲ್ಲ. ಸ್ಕ್ಯಾನ್ ಮಾಡಿದರು, ಕೆಂಪು ಬಣ್ಣವನ್ನು ಪ್ರತ್ಯೇಕಿಸಿ ಅಳಿಸಿದರು. ಮುದ್ರೆಯ ಜೊತೆಗೆ ಕೆಳಗಿನ ಅಕ್ಷರಗಳೂ ಅಲ್ಲಲ್ಲಿ ಹರಿದವು, ಅವನ್ನು ಬೇರೆ ಸಾಲಿನಿಂದ ಎತ್ತಿ ತಂದು ಕೂರಿಸಿದರು. ಪರದೆಯ ಮೇಲೆ ಕಾಗದ ಈಗ ಬಂದ ಹಾಗೆ ಶುಭ್ರವಾಗಿತ್ತು. ಅದನ್ನು ನೋಡುತ್ತ ನನಗೆ ಆದ ನೆಮ್ಮದಿಯನ್ನು ಮುಚ್ಚಿಡುವುದಿಲ್ಲ. ನನ್ನ ತಪ್ಪು ನಡೆದೇ ಇಲ್ಲ ಎನ್ನುವಂತಿತ್ತು.

ಆದರೆ ಸಾಲನ್ನು ದೊಡ್ಡದು ಮಾಡಿ ನೋಡಿದೆ. ಶಿಬಿರದ ಹೆಸರಿನ ಎರಡು ಅಕ್ಷರಗಳು ಅಕ್ಕಪಕ್ಕದವಕ್ಕಿಂತ ಕೂದಲೆಳೆಯಷ್ಟು ಮೇಲಿದ್ದವು. ನನಗೆ ಕಂಡದ್ದು ಆ ಕಡೆಯ ಸರ್ಕಾರಿ ವಕೀಲರಿಗೂ ಕಾಣುತ್ತದೆ. ತಿದ್ದಿದ ಕಾಗದ ಎಂದು ಒಂದು ಸಲ ಹೇಳಿದರೆ ಮುಗಿಯಿತು, ಇದ್ದ ಒಂದು ಸಾಕ್ಷಿಯೂ ಹೋಗುತ್ತದೆ. ಅಲ್ಲಿ ಎಲ್ಲೋ ಒಬ್ಬ ಇನ್ಸುಲಿನ್ ಕೇಳುತ್ತಿರುವಾಗ ನಾನು ಇಲ್ಲಿ ನನ್ನ ಮುಖ ಉಳಿಸಿಕೊಳ್ಳಲು ಕೂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಈ ಸ್ಕ್ಯಾನ್ ಅಳ್ಸಿ ಬಿಡಿ ಶೆಟ್ರೆ,” ಎಂದೆ. “ಮುದ್ರೆ ಇದ್ದ ಹಾಗೇ ಹೋಗ್ಲಿ. ಒತ್ತಿದ್ದು ನಾನು ಅಂತ ನಾನೇ ಬರೆದು ಕೊಡ್ತೇನೆ.”

“ನಿಮ್ಮ ವೀಸಾಕ್ಕೆ ಬಂದ್ರೆ ಎಂತ ಮಾಡ್ತೀರಿ?”

ಅದು ಸುಮ್ಮನೆ ಹೆದರಿಸುವ ಮಾತಲ್ಲ. ಒಮಾನಿನ ಕಂಪನಿಯೊಂದರ ಹೆಸರಿರುವ ಮುದ್ರೆ ಇಸ್ರೇಲಿನ ಕೋರ್ಟಿಗೆ ಹೋಗುವುದೆಂದರೆ, ಆ ದೇಶದ ಜೊತೆ ವ್ಯವಹಾರವೇ ನಿಷಿದ್ಧವಾದ ಇಲ್ಲಿ, ಸಣ್ಣ ಸಂಗತಿಯಲ್ಲ. ಕೇಳದೆ ಮಾಡಿದರೆ ಮರುದಿನವೇ ಟಿಕೆಟ್ ಕೈಗೆ ಬರಬಹುದು. ನನ್ನ ಗಂಡ ಸೀಬಿನ ಒಂದು ಏರ್ ಕಾರ್ಗೊ ಆಫೀಸಿನಲ್ಲಿದ್ದಾರೆ, ಮಗಳು ಹತ್ತನೆಯ ತರಗತಿ. ಸಂಜೆ ಗಂಡನಿಗೆ ಹೇಳಿದಾಗ ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೊಂಕಣಿಯಲ್ಲಿ, ಮ್ಯಾನೇಜರಿಗೆ ಬೇರೆಯವರು ಹೇಳುವ ಮೊದಲು ನೀನೇ ಹೇಳು ಎಂದರು.

ಮ್ಯಾನೇಜರ್ ಒಮಾನಿ, ಕಡಿಮೆ ಮಾತಿನ ಮನುಷ್ಯ. ಮರುದಿನ ಬೆಳಿಗ್ಗೆ ಹಾಳೆಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಅವರು ಓದಿದರು, ಮುದ್ರೆಯ ಮೇಲೆ ಬೆರಳಿಟ್ಟರು, ಮತ್ತೆ ಓದಿದರು.

“ನಾನು ಒಪ್ಪಿಗೆ ಕೊಟ್ಟೆ ಎಂದು ಎಲ್ಲೂ ಬರೆಯಬೇಡಿ,” ಎಂದರು. “ಕೊಡಲಿಲ್ಲ ಎಂದೂ ಬರೆಯಬೇಡಿ. ನಿಮ್ಮ ಹೆಸರು, ನಿಮ್ಮ ಮನೆಯ ವಿಳಾಸ. ಖಲಾಸ್.” ಬಾಗಿಲವರೆಗೆ ಹೋದವಳನ್ನು ಕರೆದು, “ಮುಹಂದಿಸರಿಗೆ ಹೇಳಿದಿರಾ?” ಎಂದು ಕೇಳಿದರು. ಇಲ್ಲ ಎಂದೆ. “ಮೊದಲು ಅದು,” ಎಂದರು.

ಮುಹಂದಿಸ್ ಅಂದು ಮಧ್ಯಾಹ್ನವೇ ದುಕ್ಮ್‌ನಿಂದ ಬಂದರು. ವಕೀಲೆಯ ಸಂದೇಶ ದಾರಿಯಲ್ಲಿ ಕೇಳಿದ್ದರು. ಬೂಟಿನ ಮೇಲೆ ಸೈಟಿನ ಧೂಳಿತ್ತು. “ಅವರಿಗೆ ಮೊದಲ ಉತ್ತರ ಕಾಣಿಸಲಿಲ್ಲವೇ?” ಎಂದು ಕೇಳಿದರು. ನಾನು ಎದ್ದು ನಿಂತೇ ಹೇಳಿದೆ: ಕಳಿಸಲಿಲ್ಲ, ಹಳೆಯದೆಂದು ತೆಗೆದಿಟ್ಟೆ, ಇಲ್ಲಿದೆ. ಅವರು ಹಾಳೆ ತೆಗೆದುಕೊಂಡು ಮುದ್ರೆಯ ಪಕ್ಕದ ತಾರೀಖು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಪಟ್ಟಿ ನಾನು ಓದಬೇಕಿತ್ತು,” ಎಂದರು. “ನೀವು ಮಾಡಿದ್ದು ಎಂದು ಓದಲಿಲ್ಲ.”

ಅಂದೇ ನನ್ನ ಹೇಳಿಕೆ ಬರೆದೆ. ನಾನು ಇಂಥವಳು, ನನ್ನ ಉದ್ಯೋಗದಲ್ಲಿ ಹೊಸ ದಾಖಲೆ ಬಂದಾಗ ಹಳೆಯದನ್ನು ಹೀಗೆ ತೆಗೆದಿಡುವುದು ಪದ್ಧತಿ, ಅದೇ ಅಭ್ಯಾಸದಿಂದ ಈ ಪತ್ರದ ಮೇಲೆ ಈ ದಿನ ಮುದ್ರೆ ಒತ್ತಿದೆ, ಪತ್ರದ ಒಂದು ಅಕ್ಷರವನ್ನೂ ಬದಲಿಸಿಲ್ಲ. ವಕೀಲೆ ಎರಡು ಸಲ ತಿದ್ದಿಸಿದರು. ಬೌಷರಿನ ಒಂದು ವಕೀಲರ ಕಚೇರಿಯಲ್ಲಿ ಸಹಿ ಹಾಕಿ, ಕಾಗದವನ್ನು ಮುಂದೆ ಹಿಂದೆ ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಳಿಸಿದೆವು. ಹೊಸ ಅರ್ಜಿ ದಾಖಲಾಯಿತು.

ಈ ಸಲ ಎರಡು ವಾರದೊಳಗೆ ಉತ್ತರ ಬಂತು. ಮುಹಂದಿಸ್ ಫೋನು ಹಿಡಿದು ನನ್ನ ಮೇಜಿನ ಬಳಿ ಬಂದು ಕುರ್ಚಿ ಎಳೆದು ಕೂತರು. ವಕೀಲೆ ಅರಬಿಯಲ್ಲಿ ಮಾತಾಡಿದ್ದರು. ಅವರು ಅದನ್ನು ನನಗೆ ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ ನಿಲ್ಲಿಸಿ ಹೇಳಿದರು, ಬೇರೆ ಯಾರದೋ ವಿಷಯದ ಹಾಗೆ. ಮೊದಲ ಪತ್ರ ಸರಿಯಾಗಿತ್ತು ಎಂದು ಸೇನೆಯವರು ಒಪ್ಪಿಕೊಂಡಿದ್ದಾರೆ. ವ್ಯಕ್ತಿ ಅವರ ವಶದಲ್ಲಿದ್ದ. ಶಿಬಿರದಿಂದ ಆಸ್ಪತ್ರೆಗೆ ಸಾಗಿಸುವಾಗ ತೀರಿಹೋದ. ದೇಹ ಅವರ ವಶದಲ್ಲಿದೆ. ಯಾವಾಗ ಕೊಡುತ್ತಾರೆ ಎಂದು ಹೇಳಿಲ್ಲ.

ಆಮೇಲೆ ತೀರಿಹೋದ ತಾರೀಖು ಹೇಳಿದರು.

ನನಗೆ ಲೆಕ್ಕ ಹಾಕಬೇಕಾಗಲಿಲ್ಲ. ಮುದ್ರೆ ಒತ್ತಿದ ದಿನದಿಂದ ಹತ್ತೊಂಬತ್ತನೆಯ ದಿನ. ನಾನು ಫೈಲು ಕಳಿಸಿದಾಗ ಅವನು ಬದುಕಿದ್ದ. ಆ ಹತ್ತೊಂಬತ್ತು ದಿನವೂ ಅವನು ಬದುಕಿದ್ದಾನೆ, ಇಂಥಲ್ಲಿ ಇದ್ದಾನೆ ಎನ್ನುವ ಕಾಗದ ನನ್ನ ಮೊಣಕಾಲಿನ ಪಕ್ಕದಲ್ಲಿತ್ತು.

ಮುಹಂದಿಸ್ ಎದ್ದು ಹೋದ ಮೇಲೆ ವಕೀಲೆಗೆ ನಾನೇ ಒಂದು ಸಂದೇಶ ಕಳಿಸಿದೆ. ಮೊದಲ ಸಲವೇ ಆ ಕಾಗದ ಕಳಿಸಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಕೇಳಿದೆ. ಅವರ ಉತ್ತರ ಚಿಕ್ಕದಿತ್ತು. “ಕೆಲವರನ್ನು ಅರ್ಜಿ ಬಿದ್ದ ವಾರವೇ ಆಸ್ಪತ್ರೆಗೆ ಸಾಗಿಸಿದ್ದು ನೋಡಿದ್ದೇನೆ. ಕೆಲವರನ್ನು ಏನು ಮಾಡಿದರೂ ಸಾಗಿಸಲಿಲ್ಲ. ಇದರಲ್ಲಿ ಹೇಳಲು ಬರುವುದಿಲ್ಲ.” ಆ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ. ಎಷ್ಟೋ ಸಲ ಕೇಳಿದ್ದೇನೆ, ಎರಡನೆಯ ವಾಕ್ಯ ಬರುವವರೆಗೆ ಉಸಿರು ಹಿಡಿದಿರುತ್ತೇನೆ.

ಮರುದಿನ ಹೇಗೋ ಬಾಯಿ ಬಿಟ್ಟು ಮುಹಂದಿಸರಿಗೆ ಹತ್ತೊಂಬತ್ತು ದಿನದ ಮಾತು ಹೇಳಿದೆ. ಅವರು ಪರದೆಯ ಮೇಲಿನ ಲೆಕ್ಕದಿಂದ ಕಣ್ಣು ತೆಗೆಯಲಿಲ್ಲ.

“ನಾನೂ ಎಣಿಸಿದೆ, ಉಖ್ತಿ,” ಎಂದರು. “ಅವಳಿಗೆ ಹೇಳಿಲ್ಲ.”

ಅವಳು ಎಂದರೆ ತಮ್ಮನ ಹೆಂಡತಿ. ಮೂರೂ ಉತ್ತರಗಳ ಫೋಟೊಗಳನ್ನು ಅವರು ಅವಳಿಗೆ ಕಳಿಸಿದ್ದರು. ಒಂದು ವಾರ ಅವಳಿಂದ ಏನೂ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಧ್ವನಿ ಸಂದೇಶ ಬಂತು, ಹಿಂದೆ ಮಕ್ಕಳ ಗಲಾಟೆ, ಯಾರೋ ಪಾತ್ರೆ ತೊಳೆಯುವ ಸದ್ದು. ಮುಹಂದಿಸ್ ಅದನ್ನು ನನ್ನ ಮೇಜಿನ ಬಳಿ ತಂದು ಕೇಳಿಸಿದರು, ಆಮೇಲೆ ಅರ್ಥ ಹೇಳಿದರು.

ಅವಳು ಅತ್ತಿರಲಿಲ್ಲ. ಮೂರು ಕಾಗದವನ್ನೂ ಓದಿಸಿಕೊಂಡೆ ಎಂದಿದ್ದಳು. ಒಂದರಲ್ಲಿ ಇದ್ದಾನೆ ಎಂದಿದೆ. ಒಂದರಲ್ಲಿ ಇಲ್ಲವೇ ಇಲ್ಲ ಎಂದಿದೆ. ಒಂದರಲ್ಲಿ ಸತ್ತ ಎಂದಿದೆ. ಬರೆದವರು ಒಬ್ಬರೇ. ದೇಹವನ್ನು ಯಾರೂ ನೋಡಿಲ್ಲ. ಎರಡನೆಯದು ಸುಳ್ಳೆಂದು ಅವರೇ ಈಗ ಹೇಳುತ್ತಿದ್ದಾರೆ, ಹಾಗಿದ್ದರೆ ಮೂರನೆಯದನ್ನೂ ನಾಳೆ ಅವರೇ ಸುಳ್ಳು ಎನ್ನಬಹುದು, ನಾನು ಅದಕ್ಕೆ ಕಾಯುತ್ತೇನೆ, ಎಂದಿದ್ದಳು. ಗಂಡ ಸತ್ತ ಹೆಂಗಸು ಕೂರಬೇಕಾದ ಇದ್ದತ್, ಆ ನಾಲ್ಕು ತಿಂಗಳು ಹತ್ತು ದಿನ, ಅದಕ್ಕೆ ಅವಳು ಕೂತಿರಲಿಲ್ಲ. ನೀರಿನ ಸಾಲಿಗೆ ಎಂದಿನಂತೆ ಹೋಗುತ್ತಿದ್ದಳು, ಇನ್ಸುಲಿನ್ನಿನ ಚೀಲವನ್ನು ನೆರಳಲ್ಲಿ ನೀರಿನ ಮಡಕೆಗೆ ಒರಗಿಸಿ ಇಟ್ಟಿದ್ದಳು.

“ಕೊನೆಗೆ ನಿಮಗೆ ಒಂದು ಪ್ರಶ್ನೆ ಇದೆ,” ಎಂದರು ಮುಹಂದಿಸ್. “ನಿಮ್ಮ ಕೆಲಸ ಏನೆಂದು ನಾನು ಒಮ್ಮೆ ಹೇಳಿದ್ದೆ. ಆ ಇಂಡಿಯಾದ ಅಕ್ಕನನ್ನು ಕೇಳು, ಮೂರರಲ್ಲಿ ನಡೆಯುವುದು ಯಾವುದು, ಎನ್ನುತ್ತಿದ್ದಾಳೆ.”

ಈ ಪ್ರಶ್ನೆಗೆ ನಾನು ದಿನಕ್ಕೆ ಹತ್ತು ಸಲ ಉತ್ತರ ಕೊಡುತ್ತೇನೆ. ಸೈಟಿನ ಫೋರ್‌ಮನ್‌ಗಳು ಫೋನು ಮಾಡಿ ಮೇಡಂ, ಯಾವುದು ನಡೆಯುವುದು ಎನ್ನುತ್ತಾರೆ, ನಾನು ಪಟ್ಟಿ ನೋಡಿ ಕೊನೆಯದು ಎನ್ನುತ್ತೇನೆ. ಅಂದು ಆ ಒಂದು ಮಾತು ಬಾಯಿಂದ ಹೊರಡಲಿಲ್ಲ. ಕೊನೆಯದು ಎಂದರೆ ಅವಳು ಕೂರಬೇಕು. ಹತ್ತೊಂಬತ್ತು ದಿನ ಮೊದಲನೆಯದನ್ನು ನಡೆಯುವುದಿಲ್ಲ ಎಂದು ಮುಚ್ಚಿಟ್ಟವಳು ನಾನು. ಮುಹಂದಿಸ್ ಫೋನನ್ನು ನನ್ನ ಕಡೆ ಹಿಡಿದು ಕಾದರು. ಆಮೇಲೆ ಅವರೇ ಅದನ್ನು ಜೇಬಿಗೆ ಹಾಕಿಕೊಂಡು ತಮ್ಮ ಮೇಜಿಗೆ ಹೋದರು.

ಮೂರು ಉತ್ತರಗಳೂ ಈಗ ಖರ್ಜೂರದ ಆ ಡಬ್ಬಿಯಲ್ಲಿ ಒಂದರ ಮೇಲೊಂದು ಇವೆ, ಡಬ್ಬಿ ನನ್ನ ಮೇಜಿನ ಮೇಲಿದೆ. ದೇಹಕ್ಕಾಗಿ ಹಾಕಿದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಾನು ಮುದ್ರೆ ಒತ್ತಿಲ್ಲ. ಅವಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ, ಅವಳೂ ಇನ್ನೂ ಕೂತಿಲ್ಲ.